ಸಗಣಿ ಇಲ್ಲದೆ, ಎತ್ತು ಇಲ್ಲದೆ ಎರಿ ಹೊಲದಲ್ಲಿ ಸಾವಯವ ಬೇಸಾಯ ಆಗುತ್ತಾ?

ಎರಿಹೊಲ_ಗದಗ
ಎಲ್ಲರಿಗೂ ನಮಸ್ಕಾರ. ಮುಂಡರಗಿ ದಾರಿಯಲ್ಲಿ ನಮ್ಮದು ಆರು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಮಳೆ ನಂಬಿದ ಹೊಲ, ಒಂದು ಕೃಷಿ ಹೊಂಡ ಇದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಅಕ್ಕಡಿ ಸಾಲಿಗೆ ಕುಸುಬಿ. ರಾಸಾಯನಿಕ ಗೊಬ್ಬರ ಬಿಟ್ಟಾಗಿದೆ. ನಾನು ಐಟಿ ಬಿಟ್ಟು ಬಂದವಳಲ್ಲ. ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ಇನ್ನೂ ನಡೆದಿದೆ.

ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ನಾನು ತಿನ್ನುವುದಿಲ್ಲ. ಆರೋಗ್ಯಕ್ಕಲ್ಲ, ಪ್ರಾಣಿಗಳ ಸಲುವಾಗಿ. ತಾಟಿನಿಂದ ಬಿಟ್ಟದ್ದನ್ನು ಹೊಲಕ್ಕೆ ಹಾಕಿದರೆ ಬಿಟ್ಟಂತಾಯಿತಾ ಅನ್ನುವುದೇ ನನ್ನ ತಲೆಬಿಸಿ. ಡೈರಿಯವರ ತಿಪ್ಪೆ ಗೊಬ್ಬರ ದುಡ್ಡು ಕೊಟ್ಟು ತಂದರೆ ಆ ಡೈರಿಗೇ ಆದಾಯ ಕೊಟ್ಟ ಹಾಗೆ. ನಮ್ಮ ಸಾವಯವ ಗುಂಪಿನಲ್ಲಿ ಕೇಳಿದೆ, ಎಲ್ಲರೂ ನಕ್ಕರು. ಸಗಣಿ, ಗಂಜಲದ ಜೀವಾಮೃತ ಇಲ್ಲದ ಸಾವಯವ ಎಲ್ಲಿದೆ ಅಂದರು.

ಇನ್ನೊಂದು ತೊಡಕು. ಮನೆಯಲ್ಲಿ ಅಪ್ಪನ ಒಂದು ಜೋಡಿ ಎತ್ತುಗಳಿವೆ. ಒಂದಕ್ಕೆ ವಯಸ್ಸಾಗಿದೆ. ಮಾರುವ ಮಾತೇ ಇಲ್ಲ. ಹೂಡುವುದಕ್ಕೂ ನನಗೆ ಮನಸ್ಸಿಲ್ಲ. "ಹಂಗಾದ್ರ ನೀನ ನೊಗಕ್ಕ ಹೆಗಲು ಕೊಡು" ಅನ್ನುತ್ತಾರೆ ಅಪ್ಪ.

ಯಾರಾದರೂ ಈ ಕಡೆ ಹೀಗೆ ಮಾಡಿದ್ದೀರಾ? "ಊಟ ಸರಿಯಾಗಿ ಮಾಡು ತಂಗಿ" ಎಂದು ಮಾತ್ರ ಬರೆಯಬೇಡಿ. ಅದನ್ನು ಮನೆಯಲ್ಲೇ ಸಾಕಷ್ಟು ಕೇಳುತ್ತೇನೆ.

ಹುಬ್ಬಳ್ಳಿ_ಮಂದಿ
ಊಟ ಸರಿಯಾಗಿ ಮಾಡು ತಂಗಿ.

ದೇಸಿ_ಗೋವು
ಆಗುವುದಿಲ್ಲ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಒಂದು ದೇಸಿ ಹಸುವಿದ್ದರೆ 30 ಎಕರೆಗೆ ಸಾಕು ಎಂದು ಹೇಳಿದ್ದಾರೆ. ಜೀವಾಮೃತಕ್ಕೆ ಹತ್ತು ಕೆಜಿ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಎಕರೆಗೆ ಇಷ್ಟೇ. ಇದರಲ್ಲಿ ಹಸುವಿಗೆ ಏನು ಹಿಂಸೆ? ಅದು ಹಾಕಿದ ಸಗಣಿ ತಾನೇ?

ಹಸಿರುದಾರಿ_ಧಾರವಾಡ
ಸಗಣಿ ಹಾಕುವುದು ಹಿಂಸೆ ಎಂದು ಅವರು ಹೇಳಲಿಲ್ಲ ಸರ್. ಆ ಹಸು ಹಾಲು ಕೊಡಬೇಕಾದರೆ ಮತ್ತೆ ಮತ್ತೆ ಕರು ಹಾಕಬೇಕು. ಗಂಡು ಕರು ಎಲ್ಲಿಗೆ ಹೋಗುತ್ತದೆ? ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರು ಯಾರಿಗೆ ಬೇಕು? ಪ್ರಶ್ನೆ ಅಲ್ಲಿದೆ.

ಹೊರದೇಶಗಳಲ್ಲಿ ಇದನ್ನು ದಶಕಗಳಿಂದ ಮಾಡುತ್ತಿದ್ದಾರೆ. ಇಂಗ್ಲೆಂಡಿನ ಇಯಾನ್ ಟೋಲ್‌ಹರ್ಸ್ಟ್ ಎಂಬ ರೈತರು ಆಕ್ಸ್‌ಫರ್ಡ್‌ಶೈರ್‌ನಲ್ಲಿ ಪ್ರಾಣಿ ಗೊಬ್ಬರ ಇಲ್ಲದೆ ತರಕಾರಿ ಬೆಳೆಯುತ್ತಾರೆ. ಅಲ್ಲಿ ಪ್ರಾಣಿ ಗೊಬ್ಬರವಿಲ್ಲದ ಸಾವಯವಕ್ಕೆ ಬೇರೆಯದೇ ಗುರುತಿದೆ, ಅದು ಅವರಿಗೆ 2004ರಲ್ಲೇ ಸಿಕ್ಕಿತು. ಹಸಿರೆಲೆ ಗೊಬ್ಬರ, ಕಟ್ಟಿಗೆ ಚೂರಿನ ಕಾಂಪೋಸ್ಟ್, ಬೆಳೆ ಬದಲಾವಣೆ. ಇಷ್ಟರಲ್ಲೇ ನಡೆಸುತ್ತಾರೆ.

ಕಣಿಕಿ_ಬಣವಿ
ಇಂಗ್ಲೆಂಡಿನ ಮಳೆ ಬೇರೆ, ನವಲಗುಂದದ ಮಳೆ ಬೇರೆ. ಅಲ್ಲಿ ವರ್ಷವಿಡೀ ಹಸಿ ಇರುತ್ತದೆ. ಇಲ್ಲಿ ಎರಿ ಒಣಗಿದರೆ ಬಿರುಕಿನಲ್ಲಿ ಕೈ ಹೋಗುತ್ತದೆ. ಅವರ ಪುರಾಣ ತಂದು ನಮಗೆ ಓದಬೇಡಿ.

ಬ್ಯಾಡಗಿ_ಕಡ್ಡಿ
ತಂಗಿ, ಆಗುತ್ತೆ. ನಾನು ನಿಮ್ಮ ಹಾಗೆ ವೀಗನ್ (ಪ್ರಾಣಿ ಮೂಲದ್ದೇನೂ ಬಳಸದವ) ಅಲ್ಲ, ಮನೆಯಲ್ಲಿ ಎಮ್ಮೆ ಇದೆ. ಆದರೆ ಮನೆಯಿಂದ ದೂರದ ಒಂದು ಹೊಲಕ್ಕೆ ಗೊಬ್ಬರ ಸಾಗಿಸುವ ಬಾಡಿಗೆ ಕೊಡಲಾಗದೆ ಅಲ್ಲಿ ಬರೀ ಹಸಿರೆಲೆ ಗೊಬ್ಬರದ ಸೆಣಬು ಮತ್ತು ಹಿಂಡಿಯ ಮೇಲೆ ನಡೆಸಿದ್ದೇನೆ. ಜೋಳ ಚೆನ್ನಾಗಿಯೇ ಬರುತ್ತದೆ.

ಲೆಕ್ಕ ಹೇಳುತ್ತೇನೆ, ನೀವು ಲೆಕ್ಕದವರೇ ಅಲ್ವಾ. ತಿಪ್ಪೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟು. ಅಂದರೆ ಒಂದು ಟನ್ ಹಾಕಿದರೆ 5 ಕೆಜಿ. ಬೇವಿನ ಹಿಂಡಿಯಲ್ಲಿ ನೂರಕ್ಕೆ 5ರ ಆಸುಪಾಸು. ಒಂದು ಕ್ವಿಂಟಲ್ ಬೇವಿನ ಹಿಂಡಿ ಒಂದು ಟನ್ ಗೊಬ್ಬರದಷ್ಟು ಸಾರಜನಕ ಕೊಡುತ್ತದೆ. ಸೆಣಬು ಒಳ್ಳೆ ಬಂದರೆ ಎಕರೆಗೆ ಐದಾರು ಟನ್ ಹಸಿ ಸೊಪ್ಪು, ಅದರಲ್ಲಿ 20 ಕೆಜಿ ಹತ್ತಿರ ಸಾರಜನಕ. ನಾಲ್ಕು ಟನ್ ಗೊಬ್ಬರ ಹೊತ್ತು ತಂದಷ್ಟಾಯಿತು.

ಮೇ ಕೊನೆಗೋ ಜೂನ್‌ಗೋ ಹದ ಸಿಕ್ಕಾಗ ಎಕರೆಗೆ 20 ಕೆಜಿ ಹತ್ತಿರ ಸೆಣಬಿನ ಬೀಜ ಚೆಲ್ಲಿ. ಹೂ ಕಾಣಿಸಿಕೊಂಡ ಕೂಡಲೇ, ಅಂದರೆ 45–50 ದಿನಕ್ಕೆ, ಮಣ್ಣಿಗೆ ಸೇರಿಸಿ. ತಡ ಮಾಡಿದರೆ ಕಾಂಡ ನಾರಾಗುತ್ತದೆ, ಕೊಳೆಯುವುದಿಲ್ಲ, ಕುಂಟೆಗೆ ಸುತ್ತಿಕೊಳ್ಳುತ್ತದೆ. ಸೆಪ್ಟೆಂಬರ್ ಕೊನೆಗೆ ಬಿಳಿಜೋಳ ಬಿತ್ತುವ ಹೊತ್ತಿಗೆ ಎಲ್ಲ ಕರಗಿರುತ್ತದೆ.

ಕಣಿಕಿ_ಬಣವಿ
ಮುಂಗಾರಿನಲ್ಲಿ ಸೆಣಬು ಹಾಕಿದರೆ ಹೆಸರು ಎಲ್ಲಿ ಬೆಳೆಯಬೇಕು? ನಾಗರ ಪಂಚಮಿ ಆದ ಮೇಲೆ ಕೈಗೆ ದುಡ್ಡು ಬರುವುದೇ ಹೆಸರಿನಿಂದ. ಮೇಲಾಗಿ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಸೆಣಬು ಕುಡಿದ ನೀರು ಹಿಂಗಾರಿಗೆ ಉಳಿಯುವುದಿಲ್ಲ. ನಮ್ಮ ಹಿರಿಯರು ಮುಂಗಾರಿಗೆ ಹೊಲ ಖಾಲಿ ಬಿಟ್ಟು ಹಿಂಗಾರಿ ಮಾಡುತ್ತಿದ್ದದ್ದು ಸುಮ್ನೆ ಅಲ್ಲ.

ಬ್ಯಾಡಗಿ_ಕಡ್ಡಿ
ಅದಕ್ಕೇ ಇಡೀ ಹೊಲಕ್ಕೆ ಹಾಕಬಾರದು ಅಣ್ಣಾ. ಆರು ಎಕರೆಯಲ್ಲಿ ಎರಡು ಎಕರೆ ಸೆಣಬು, ಉಳಿದದ್ದು ಹೆಸರು. ಮುಂದಿನ ವರ್ಷ ಬೇರೆ ಎರಡು ಎಕರೆ. ಹೆಸರಿನ ಕಾಯಿ ಬಿಡಿಸಿಕೊಂಡ ಮೇಲೆ ಗಿಡ ಕೀಳದೆ ಅಲ್ಲೇ ಹೊಡೆದು ಹಾಕಿದರೆ ಅದೂ ಗೊಬ್ಬರವೇ.

ಮಣ್ಣು_ಪರೀಕ್ಷೆ
ಮೇಲಿನ ಲೆಕ್ಕ ಸಾರಜನಕದ ಮಟ್ಟಿಗೆ ಸರಿ. ಆದರೆ ಎಲ್ಲರೂ ರಂಜಕವನ್ನು ಮರೆತಿದ್ದೀರಿ. ಸಾರಜನಕ ಗಾಳಿಯಿಂದ ಬರುತ್ತದೆ, ಬೇರಿನ ಗಂಟುಗಳು ಹಿಡಿದುಕೊಡುತ್ತವೆ. ರಂಜಕ ಗಾಳಿಯಿಂದ ಬರುವುದಿಲ್ಲ. ಕಾಳು ಮಾರಿದಷ್ಟೂ ಹೊಲದಿಂದ ಹೊರಗೆ ಹೋಗುತ್ತದೆ. ಸೆಣಬು ಇದ್ದ ರಂಜಕವನ್ನು ಮೇಲೆ ಕೆಳಗೆ ಮಾಡುತ್ತದೆಯೇ ಹೊರತು ಹೊಸದಾಗಿ ತರುವುದಿಲ್ಲ.

ಇದಕ್ಕೆ ಶಿಲಾರಂಜಕ (ರಂಜಕವಿರುವ ಕಲ್ಲಿನ ಪುಡಿ) ಹಾಕಿ ಎಂದು ಯಾರಾದರೂ ಹೇಳುತ್ತಾರೆ. ಸಾವಯವದಲ್ಲಿ ಅದಕ್ಕೆ ಅವಕಾಶವಿದೆ, ಪ್ರಾಣಿ ಮೂಲದ್ದೂ ಅಲ್ಲ. ಆದರೆ ಅದು ಕರಗುವುದು ಹುಳಿ ಮಣ್ಣಿನಲ್ಲಿ. ನಮ್ಮ ಎರಿ ಕ್ಷಾರ, ಮೇಲೆ ಸುಣ್ಣದ ಅಂಶ ಬೇರೆ. ನೇರವಾಗಿ ಹೊಲಕ್ಕೆ ಚೆಲ್ಲಿದರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಬಿದ್ದಿರುತ್ತದೆ. ಕಾಂಪೋಸ್ಟ್ ಗುಂಡಿಯಲ್ಲಿ ಸೇರಿಸಿ. ಕೊಳೆಯುವಾಗ ಹುಟ್ಟುವ ಆಮ್ಲದಲ್ಲಿ ಸ್ವಲ್ಪ ಕರಗುತ್ತದೆ. ಜೊತೆಗೆ ರಂಜಕ ಕರಗಿಸುವ ಸೂಕ್ಷ್ಮಾಣು ಪುಡಿಯಿಂದ ಬೀಜೋಪಚಾರ ಮಾಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೇ ಒಂದು ಸಂಸ್ಥೆ ಇದೆ, ಒಮ್ಮೆ ಹೋಗಿ ಮಾತನಾಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಧರ್ಮಸೂಕ್ಷ್ಮ.

ಎರಿಹೊಲ_ಗದಗ
ರಂಜಕದ ವಿಷಯ ಯಾರೂ ಹೇಳಿರಲಿಲ್ಲ. ಧನ್ಯವಾದ ಸರ್. ಕಾಂಪೋಸ್ಟಿಗೆ ಜೋಳದ ಕಣಿಕೆ (ಒಣ ದಂಟು), ಹೊಟ್ಟು ಇದೆ. ಬದುವಿಗೆ ಗೊಬ್ಬರದ ಸೊಪ್ಪಿಗೆ ಗ್ಲಿರಿಸಿಡಿಯಾ ಗಿಡ ಹಚ್ಚಿದ್ದೇನೆ. ಬೇಗ ಕೊಳೆಯಲು ವೇಸ್ಟ್ ಡೀಕಂಪೋಸರ್ ಹಾಕಬಹುದಾ?

ಮಣ್ಣು_ಪರೀಕ್ಷೆ
ಹಾಕಬಹುದು. ಆದರೆ ಅದರ ಮೂಲವೇ ದೇಸಿ ಹಸುವಿನ ಸಗಣಿ. ಗಾಜಿಯಾಬಾದಿನ ರಾಷ್ಟ್ರೀಯ ಸಾವಯವ ಕೃಷಿ ಕೇಂದ್ರದವರು ಸಗಣಿಯಿಂದಲೇ ಆ ಸೂಕ್ಷ್ಮಾಣುಗಳನ್ನು ಬೇರ್ಪಡಿಸಿದ್ದು. ನಿಮ್ಮ ನಿಯಮಕ್ಕೆ ಕೂಡುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ. ಬೇಡವೆಂದರೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ ಹಾಕಿ.

ದೇಸಿ_ಗೋವು
ನೋಡಿದಿರಾ! ಸುತ್ತಿ ಬಳಸಿ ಗೋಮಾತೆಯ ಹತ್ತಿರವೇ ಬಂದಿರಿ.

ಕಣಿಕಿ_ಬಣವಿ
ಕಣಿಕೆ ಕಾಂಪೋಸ್ಟ್ ಮಾಡುತ್ತೀರಾ? ತಲೆ ಸರಿ ಇದೆಯಾ ತಂಗಿ? ಬಿಳಿಜೋಳದಲ್ಲಿ ಕಾಳಿನ ಜೊತೆ ಕಣಿಕೆಗೂ ಕೆಲವು ವರ್ಷ ಒಳ್ಳೆ ರೇಟು. ಬರಗಾಲದಲ್ಲಿ ಬಣವೆ ಇದ್ದವನೇ ಸಾಹುಕಾರ. ಅದನ್ನು ಕೊಳೆ ಹಾಕುವುದೆಂದರೆ ನೋಟು ಹೂತಂತೆ.

ಮಾರುತ್ತೀರಿ ಅಂದುಕೊಳ್ಳೋಣ. ಕೊಳ್ಳುವವನು ಯಾರು? ಹಾಲಿನ ಎಮ್ಮೆ ಕಟ್ಟಿದವನೇ. ಆಗ ನಿಮ್ಮ ನೇಮ ಎಲ್ಲಿ ಹೋಯಿತು?

ಹಸಿರುದಾರಿ_ಧಾರವಾಡ
ಇದು ಒಳ್ಳೆ ಪ್ರಶ್ನೆ. ಸಿಟ್ಟಿನಲ್ಲಿ ಕೇಳಿದರೂ ಒಳ್ಳೆ ಪ್ರಶ್ನೆ.

ಎರಿಹೊಲ_ಗದಗ
ಕಣಿಕೆ ನಮ್ಮ ಎರಡು ಎತ್ತಿಗೇ ಬೇಕು ಅಣ್ಣಾ. ಅವು ಇರುವವರೆಗೆ ಮಾರುವ ಮಾತಿಲ್ಲ. ಉಳಿದದ್ದು ಹೊಲಕ್ಕೆ. ಆದಾಯ ಕಡಿಮೆಯಾಗುತ್ತದೆ, ಗೊತ್ತು. ಆದರೆ ಅವು ಕಣಿಕೆ ತಿಂದು ಹಾಕಿದ ಸಗಣಿಯನ್ನು ಏನು ಮಾಡಲಿ? ಕೊಟ್ಟಿಗೆಯಿಂದ ತೆಗೆದು ಎಲ್ಲಿ ಹಾಕಲಿ? ಇದೇ ನಿಜವಾದ ಗೊಂದಲ.

ಕುಂದಗೋಳ_ಅಕ್ಕ
ಕುಳ್ಳು ತಟ್ಟಿ ಒಲೆಗೆ ಹಾಕು.

ಹಸಿರುದಾರಿ_ಧಾರವಾಡ
ಬಯೋಸೈಕ್ಲಿಕ್ ವೀಗನ್ ಎಂಬ ಮಾನದಂಡ ಇದೆ. 2017ರಲ್ಲಿ ಜಾಗತಿಕ ಸಾವಯವ ಒಕ್ಕೂಟ ಐಫೋಮ್ ಅದಕ್ಕೆ ಮಾನ್ಯತೆ ಕೊಟ್ಟಿದೆ. ಅದರ ಪ್ರಕಾರ ಪ್ರಾಣಿ ಮೂಲದ ಯಾವ ಗೊಬ್ಬರಕ್ಕೂ ಅವಕಾಶವಿಲ್ಲ. ಸಗಣಿ, ಎಲುಬಿನ ಪುಡಿ, ರಕ್ತದ ಪುಡಿ, ಮೀನಿನ ದ್ರಾವಣ ಎಲ್ಲವೂ ಹೊರಗೆ. ನನ್ನ ಪ್ರಕಾರ ಅದೇ ಸರಿ. ಒಮ್ಮೆ ಬಾಗಿಲು ತೆರೆದರೆ ಮುಂದೆ "ಇನ್ನೊಂದು ಎತ್ತು ತರೋಣ, ಗೊಬ್ಬರಕ್ಕೂ ಆಗುತ್ತದೆ" ಎಂದಾಗುತ್ತದೆ.

ಬ್ಯಾಡಗಿ_ಕಡ್ಡಿ
ತಮ್ಮಾ, ಆ ಮಾನದಂಡ ಬರೆದವರ ಮನೆಯಲ್ಲಿ ಮುದಿ ಎತ್ತು ಇರಲಿಲ್ಲ. ಸಾಯುವವರೆಗೂ ಸಾಕುತ್ತೇನೆ ಅನ್ನುವವಳಿಗೆ ಸಗಣಿ ಚರಂಡಿಗೆ ಹಾಕು ಅನ್ನುವುದು ಯಾವ ನ್ಯಾಯ? ಆ ಎತ್ತು ಸಗಣಿಗಾಗಿ ಇಟ್ಟದ್ದಲ್ಲ. ಹೊಲಕ್ಕೆ ಹಾಕಿ. ಅವು ಹೋದ ಮೇಲೆ ಹೊಸದು ತರಬೇಡಿ, ಮುಗಿಯಿತು.

ನಿವೃತ್ತ_ಮಾಸ್ತರ
ಈ ಚರ್ಚೆ ಇಂಗ್ಲೆಂಡಿನಿಂದ ಶುರುವಾದದ್ದಲ್ಲ ಮಕ್ಕಳೇ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿ ಸಾವಿರ ವರ್ಷ ದಾಟಿತು. ಲಕ್ಷ್ಮೇಶ್ವರದಲ್ಲೂ ಹಳೆಯ ಬಸದಿಗಳಿವೆ. ನೆಲ ಉತ್ತರೆ ಹುಳ ಸಾಯುತ್ತದೆ, ಹಾಗಾದರೆ ಒಕ್ಕಲುತನ ಮಾಡಬಹುದೇ ಎಂದು ಜೈನರು ಯಾವತ್ತೋ ತಲೆ ಕೆಡಿಸಿಕೊಂಡಿದ್ದರು.

ಅವರು ಹಿಂಸೆಯನ್ನು ನಾಲ್ಕು ಬಗೆಯಾಗಿ ನೋಡಿದರು. ಬೇಕೆಂದೇ ಮಾಡಿದ್ದು ಸಂಕಲ್ಪಿ. ಮನೆಗೆಲಸದಲ್ಲಿ, ಅಡಿಗೆಯಲ್ಲಿ ಆಗುವುದು ಆರಂಭಿ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗಿ. ತನ್ನನ್ನು ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಧಾರವಾಡ, ಬೆಳಗಾವಿ ಕಡೆ ಇಂದಿಗೂ ಎಷ್ಟೋ ಜೈನ ಮನೆತನಗಳು ಒಕ್ಕಲುತನದಲ್ಲಿವೆ. ಈ ತಂಗಿಯ ಎತ್ತಿನ ಸಗಣಿ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಯೋಚಿಸಿ. ನನಗೇನೋ ಯಾವುದಕ್ಕೂ ಬರುವಂತೆ ಕಾಣುವುದಿಲ್ಲ.

ಹುಬ್ಬಳ್ಳಿ_ಮಂದಿ
ಮಾಸ್ತರ ಹಾಜರಿ ತೆಗೆದುಕೊಂಡು ಪಾಠ ಶುರು ಮಾಡಿದರು.

ಕುರಿಹಿಂಡು
ನಾನು ಕುರುಬರ ಮನೆಯವನು, ಶಿರಹಟ್ಟಿ ಕಡೆ. ಒಂದು ಮಾತು ಕೇಳಲಾ? ಸುಗ್ಗಿ ಮುಗಿದ ಮೇಲೆ ನಮ್ಮ ಕುರಿ ನಿಮ್ಮ ಹೊಲ ದಾಟಿ ಹೋಗುತ್ತವೆ. ಕೂಳೆ ಮೇಯುತ್ತವೆ, ಹಿಕ್ಕೆ ಹಾಕುತ್ತವೆ. ರಾತ್ರಿ ಹಿಂಡು ನಿಲ್ಲಿಸಿದರೆ ಹೊಲದವರು ಕಾಳೋ ದುಡ್ಡೋ ಕೊಡುತ್ತಾರೆ. ಅದು ನಮ್ಮ ಅನ್ನ. ನೀವು ಎಲ್ಲರೂ ಹೀಗೆ ಶುರು ಮಾಡಿದರೆ ನಾವು ಎಲ್ಲಿ ನಿಲ್ಲಬೇಕು? ಪುಸ್ತಕದಲ್ಲಿ ಪ್ರಾಣಿಗೆ ಜಾಗ ಇದೆ, ಪ್ರಾಣಿ ಕಾಯುವವನಿಗೆ ಇಲ್ಲ.

ಎರಿಹೊಲ_ಗದಗ
ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ ತಮ್ಮಾ. ದುಡ್ಡು ಕೊಟ್ಟು ಹಿಂಡು ನಿಲ್ಲಿಸಲು ನಾನು ಕರೆಯುವುದಿಲ್ಲ. ದಾಟಿ ಹೋಗುವವರನ್ನು ಓಡಿಸುವುದೂ ಇಲ್ಲ. ಹೊಂಡದ ನೀರು ಎಲ್ಲರಿಗೂ ಇದೆ.

ಕುರಿಹಿಂಡು
ನೀರು ಕೊಟ್ಟರೆ ಸಾಕು ಅಕ್ಕಾ. ಎಷ್ಟೋ ಮಂದಿ ಅದನ್ನೂ ಕೊಡುವುದಿಲ್ಲ.

ಹುಬ್ಬಳ್ಳಿ_ಮಂದಿ
ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಸುತ್ತಲಿನ ಶೇಂಗಾ ಹೊಲದಲ್ಲಿ ಮೇಯ್ದು ಅಲ್ಲೇ ಹಿಕ್ಕೆ ಹಾಕಿ ಹೋಗುತ್ತವೆ. ಆ ಶೇಂಗಾ ವೀಗನ್ನಾ?

ಮಣ್ಣು_ಪರೀಕ್ಷೆ
2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟ (ಜಾಗತಿಕ ಮಹತ್ವದ ಜೌಗು ನೆಲ ಎಂಬ ಮನ್ನಣೆ) ಸಿಕ್ಕಿದೆ, ಗೌರವ ಕೊಟ್ಟು ಮಾತಾಡಿ. ವಿದೇಶಿ ಗೊಬ್ಬರ ಅದು.

ರಾಣೇಬೆನ್ನೂರ_ಹುಡುಗ
ಎಲ್ಲರೂ ಸಗಣಿಯಲ್ಲೇ ಸಿಕ್ಕಿಕೊಂಡಿದ್ದೀರಿ. ನಮ್ಮ ಕಡೆ ಕಷ್ಟ ಬೇರೆ. ಚಿಗರಿಗಳಿಗೆ (ಕೃಷ್ಣಮೃಗ) ಅಭಯಾರಣ್ಯ ಮಾಡಿದ್ದು 1974ರಲ್ಲಿ, ಅವಕ್ಕೆ ಬೇಲಿಯ ಲೆಕ್ಕ ಗೊತ್ತಿಲ್ಲ. ರಾತ್ರಿ ಹಿಂಡು ಬಂದರೆ ಗೋವಿನಜೋಳದ ಸಸಿ ಬೆಳಗ್ಗೆ ಇರುವುದಿಲ್ಲ. ಕೊಲ್ಲುವ ಹಾಗಿಲ್ಲ, ಕೊಲ್ಲುವ ಮನಸ್ಸೂ ಇಲ್ಲ. ಬಿತ್ತನೆ ಆದ ಮೇಲೆ ಅಟ್ಟಣಿಗೆಯ ಮೇಲೆ ಮಲಗುವುದೇ ನಮ್ಮ ವೀಗನ್ ಧರ್ಮ. ಸಗಣಿ ಹಾಕದಿದ್ದರೆ ಇಳುವರಿ ಸ್ವಲ್ಪ ಕಡಿಮೆ ಆಗಬಹುದು. ಚಿಗರಿ ಬಂದರೆ ಇಳುವರಿಯೇ ಇಲ್ಲ.

ಹುಬ್ಬಳ್ಳಿ_ಮಂದಿ
ಚಿಗರಿ ನಮ್ಮಲ್ಲೂ ಇದೆ. ಆ ಹೆಸರಿನ ಬಸ್ಸು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡುತ್ತದೆ, ಒಳಗೆ ಎಸಿ ಇದೆ.

ಕುಂದಗೋಳ_ಅಕ್ಕ
ಕಡಲೆಯ ಕಾಯಿಕೊರಕಕ್ಕೆ ಏನು ಮಾಡುತ್ತೀಯವ್ವ? ಹುಳ ಕೊಲ್ಲುವುದು ನಿನ್ನ ಲೆಕ್ಕದಲ್ಲಿ ಪಾಪವೋ ಅಲ್ಲವೋ?

ಎರಿಹೊಲ_ಗದಗ
ಅಕ್ಕಾ, ಅಲ್ಲಿಯೇ ನಾನು ಸೋಲುವುದು. ಈಗ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ. ನೂರು ಲೀಟರ್ ನೀರಿಗೆ ಐದು ಕೆಜಿ ಬೇವಿನ ಬೀಜದ ತಿರುಳು. ಎಲೆ ಕಹಿಯಾಗಿ ಹುಳ ತಿನ್ನುವುದು ಬಿಡುತ್ತದೆ.

ಮಣ್ಣು_ಪರೀಕ್ಷೆ
ತಿನ್ನುವುದನ್ನಷ್ಟೇ ಬಿಡುವುದಿಲ್ಲ. ಬೇವಿನ ಅಂಶ ಹೊಟ್ಟೆಗೆ ಹೋದ ಮರಿಹುಳಕ್ಕೆ ಪೊರೆ ಕಳಚಲು ಆಗುವುದಿಲ್ಲ, ನಿಧಾನವಾಗಿ ಸಾಯುತ್ತದೆ. ಹೇಳಬೇಕೆನಿಸಿತು, ಹೇಳಿದೆ.

ಕಣಿಕಿ_ಬಣವಿ
ಅಗೋ.

ಬ್ಯಾಡಗಿ_ಕಡ್ಡಿ
ಕೊಲ್ಲುವುದು ಕಡಿಮೆ ಆಗಬೇಕೆಂದರೆ ಬಿತ್ತುವಾಗಲೇ ನೋಡಿಕೊಳ್ಳಬೇಕು. ಕಡಲೆಯಲ್ಲಿ ಕೊತ್ತಂಬರಿ, ಕುಸುಬಿ ಅಕ್ಕಡಿ ಹಾಕಿ. ಅಲ್ಲಲ್ಲಿ ನಾಲ್ಕು ಜೋಳದ ಕಾಳು ಎಸೆಯಿರಿ. ಜೋಳದ ದಂಟಿನ ಮೇಲೆ ಹಕ್ಕಿ ಕೂರುತ್ತದೆ, ಹುಳ ಆರಿಸಿ ತಿನ್ನುತ್ತದೆ. ಗಿಡ ಎಳೆಯದಾಗಿರುವಾಗ ಕುಡಿ ಚಿವುಟಿ. ಕವಲು ಜಾಸ್ತಿ ಬರುತ್ತದೆ, ಪಲ್ಯಕ್ಕೂ ಆಯಿತು. ಮೋಹಕ ಬಲೆ ಕಟ್ಟಿದರೆ ಗಂಡು ಪತಂಗ ಒಳಗೆ ಬಿದ್ದು ಸಾಯುತ್ತದೆ, ಅದು ನಿಮಗೆ ಬೇಡವೇನೋ. ಆದರೆ ಹುಳ ಎಷ್ಟು ಬಂದಿದೆ ಎಂದು ತಿಳಿಯಲು ಒಂದೆರಡು ಇರಲಿ. ಹೆದರಿಕೆಗೆ ಸುಮ್ನೆ ಔಷಧ ಹೊಡೆಯುವುದು ತಪ್ಪುತ್ತದೆ.

ಹಸಿರುದಾರಿ_ಧಾರವಾಡ
ಹಕ್ಕಿ ತಿಂದರೆ ನಾವು ಕೊಂದಂತಲ್ಲ. ಅದು ಅದರ ಊಟ.

ಕಣಿಕಿ_ಬಣವಿ
ಹಕ್ಕಿಗೆ ಕುರ್ಚಿ ಹಾಕಿ ಕರೆದವರು ಯಾರು? ಸುಪಾರಿ ಕೊಟ್ಟವನಿಗೂ ಕೇಸು ಆಗುತ್ತದೆ ತಮ್ಮಾ.

ನಿವೃತ್ತ_ಮಾಸ್ತರ
ನವಲಗುಂದದವರು ವಕೀಲರಾಗಬೇಕಿತ್ತು.

ದೇಸಿ_ಗೋವು
ಎತ್ತು ಹೂಡುವುದಿಲ್ಲ ಅಂದಿರಿ. ಹಾಗಾದರೆ ಟ್ರ್ಯಾಕ್ಟರ್ ತಾನೇ? ಡೀಸೆಲ್ ಎಲ್ಲಿಂದ ಬರುತ್ತದೆ? ರೋಟಾವೇಟರ್ ಹೊಡೆದರೆ ಎಷ್ಟು ಎರೆಹುಳ ಸಾಯುತ್ತವೆ ಗೊತ್ತಾ? ರಂಟೆಗಿಂತ ಹತ್ತು ಪಟ್ಟು ಹಿಂಸೆ.

ಮಣ್ಣು_ಪರೀಕ್ಷೆ
ಹತ್ತು ಪಟ್ಟು ಎಂದು ಅಳೆದವರು ಯಾರು? ರೋಟಾವೇಟರ್ ಮಣ್ಣಿಗೆ ಒಳ್ಳೆಯದಲ್ಲ ಅನ್ನುವುದು ನಿಜ. ಹಸಿ ಎರಿಯಲ್ಲಿ ಟ್ರ್ಯಾಕ್ಟರ್ ಓಡಿಸಿದರೆ ಮಣ್ಣು ಬಿಗಿಯಾಗುತ್ತದೆ, ಅದೂ ನಿಜ. ಇದು ಎತ್ತು ಇಟ್ಟುಕೊಂಡವರೂ ಬಾಡಿಗೆ ಟ್ರ್ಯಾಕ್ಟರ್ ಕರೆಯುವ ಕಾಲ. ಸುಮ್ನೆ ಎತ್ತಿನ ಪರ ಭಾಷಣ ಬೇಡ.

ಕಣಿಕಿ_ಬಣವಿ
ಭಾಷಣ ಅಲ್ಲ. ಎಡೆ ಹೊಡೆಯುವುದನ್ನು (ಸಾಲಿನ ನಡುವೆ ಕಳೆ ತೆಗೆಯುವುದನ್ನು) ಎತ್ತಿನಷ್ಟು ಚೆನ್ನಾಗಿ ಯಾವ ಯಂತ್ರವೂ ಮಾಡುವುದಿಲ್ಲ. ಹದ ಇರುವುದು ಒಂದೆರಡು ದಿನ. ಆ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರ್ ಬೇರೆಯವರ ಹೊಲದಲ್ಲಿ ಇರುತ್ತದೆ. ಎತ್ತು ಮನೆಯಲ್ಲೇ ಇರುತ್ತದೆ.

ತಂಗಿ, ಒಂದು ಮಾತು ಬೇಜಾರಿಲ್ಲದೆ ಕೇಳು. ನಾನೂ ಎತ್ತು ಇಟ್ಟವನು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯುತ್ತೇನೆ, ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆ ಮಾಡುತ್ತೇನೆ. ಹೆಗಲಿಗೆ ಬಾವು ಬಂದರೆ ವಾರಗಟ್ಟಲೆ ಹೂಡುವುದಿಲ್ಲ. ಅದಕ್ಕೆ ಹಿಂಸೆ ಆಗುವುದೇ ಇಲ್ಲ ಎಂದು ಹೇಳುವುದಿಲ್ಲ. ಬಾರುಕೋಲು ಇದೆ, ಮೂಗುದಾಣ ಇದೆ, ಹೋರಿಯ ಬೀಜ ಒಡೆಸುವುದಿದೆ. ಆದರೆ ಈ ಊರಿನಲ್ಲಿ ಎತ್ತಿಗೆ ಕೆಲಸ ಇರುವವರೆಗೆ ಮಾತ್ರ ಮೇವು ಇದೆ. ಕೆಲಸ ತಪ್ಪಿದ ಎತ್ತು ಎಲ್ಲಿಗೆ ಹೋಗುತ್ತದೆ ನಿನಗೂ ಗೊತ್ತು.

ಬ್ಯಾಡಗಿ_ಕಡ್ಡಿ
ಈಗ ಎಲ್ಲಿಗೂ ಹೋಗುವುದಿಲ್ಲ, ಅದೇ ತೊಂದರೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವ ದನವನ್ನೂ ಕಡಿಯುವಂತಿಲ್ಲ. ಮುದಿ ಎತ್ತನ್ನು ಸಂತೆಯಲ್ಲಿ ಕೇಳುವವರಿಲ್ಲ. ಕೆಲವರು ರಾತ್ರಿ ಬೇರೆ ಊರಿನ ಹತ್ತಿರ ಬಿಟ್ಟು ಬರುತ್ತಾರೆ.

ದೇಸಿ_ಗೋವು
ಕಾಯ್ದೆ ಸರಿ ಇದೆ. ಬಿಟ್ಟು ಬರುವವರದ್ದು ತಪ್ಪು.

ಕಣಿಕಿ_ಬಣವಿ
ಹಾಗಾದರೆ ವಿಳಾಸ ಕೊಡಿ ಸರ್, ನಿಮ್ಮ ಮನೆ ಮುಂದೆ ಬಿಟ್ಟು ಬರಲು ಹೇಳುತ್ತೇನೆ.

ನಿವೃತ್ತ_ಮಾಸ್ತರ
ರಾಜಕೀಯ ಬೇಡ. ಬೇಸಾಯಕ್ಕೆ ಬನ್ನಿ.

ಕುಂದಗೋಳ_ಅಕ್ಕ
ವೀಗನ್ ಅಂತ ಚೀಟಿ ಅಂಟಿಸಿದರೆ ರೇಟು ಜಾಸ್ತಿ ಸಿಗುತ್ತಾ?

ಮಣ್ಣು_ಪರೀಕ್ಷೆ
ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರದ ನಿಯಮ ತಂದಿದೆ, ಅದಕ್ಕೊಂದು ಹಸಿರು ಗುರುತೂ ಇದೆ. ಆದರೆ ಅದು ಪ್ಯಾಕೆಟ್ ಆಹಾರದಲ್ಲಿ ಹಾಕುವ ಪದಾರ್ಥ, ತಯಾರಿಕೆ ಇವುಗಳ ಮೇಲೆ ಕಣ್ಣಿಟ್ಟು ಮಾಡಿದ್ದು. ಜೋಳದ ಹೊಲಕ್ಕೆ ಯಾವ ಗೊಬ್ಬರ ಹಾಕಿದಿರಿ ಎಂದು ಕೇಳಲು ಬರೆದದ್ದಲ್ಲ. ಸಾವಯವ ಪ್ರಮಾಣಪತ್ರಕ್ಕೆ ಎನ್‌ಪಿಒಪಿ (ಹೊರಗಿನ ಸಂಸ್ಥೆ ಪರಿಶೀಲಿಸುವುದು), ಪಿಜಿಎಸ್ (ರೈತರ ಗುಂಪೇ ಪರಸ್ಪರ ಪರಿಶೀಲಿಸುವುದು) ಎರಡು ದಾರಿ ಇವೆ. ಅವು ದನ ಕಟ್ಟಲೇಬೇಕು ಎಂದು ಹೇಳುವುದಿಲ್ಲ. ಜೀವಾಮೃತ ಕಡ್ಡಾಯ ಅನ್ನುವುದು ನಿಮ್ಮ ಗುಂಪಿನ ರೂಢಿ, ನಿಯಮ ಅಲ್ಲ.

ಎರಿಹೊಲ_ಗದಗ
ಈ ಒಂದು ಮಾತಿಗೇ ಇಲ್ಲಿ ಕೇಳಿದ್ದು ಸಾರ್ಥಕ. ಮುಂದಿನ ಸಭೆಯಲ್ಲಿ ಹೇಳುತ್ತೇನೆ.

ಹುಬ್ಬಳ್ಳಿ_ಮಂದಿ
ಚೀಟಿ ಯಾಕೆ? ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಿರ್ಮಿಟ್, ಮಿರ್ಚಿ. ನಮ್ಮ ಅರ್ಧ ಊಟ ಮೊದಲೇ ವೀಗನ್. ಉಳಿದ ಅರ್ಧ ಪೇಡೆ.

ಕುಂದಗೋಳ_ಅಕ್ಕ
ಶೇಂಗಾ ಹೋಳಿಗೆಗೆ ತುಪ್ಪ ಹಾಕದಿದ್ದರೆ ನಾನು ಒಪ್ಪುವುದಿಲ್ಲ.

ಎರಿಹೊಲ_ಗದಗ
ಶೇಂಗಾ ಎಣ್ಣೆ ಹಚ್ಚಿ ತಿನ್ನಿ ಅಕ್ಕಾ, ಆಮೇಲೆ ಮಾತಾಡೋಣ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಮಣ್ಣು ಪರೀಕ್ಷೆ ಮೊದಲು. ಮುಂಗಾರಿಗೆ ಎರಡು ಎಕರೆ ಸೆಣಬು, ನಾಲ್ಕು ಎಕರೆ ಹೆಸರು. ನಮ್ಮ ಎತ್ತಿನ ಸಗಣಿ ಹೊಲಕ್ಕೇ ಹೋಗುತ್ತದೆ. ಹೊರಗಿನಿಂದ ಗೊಬ್ಬರ ತರುವುದಿಲ್ಲ, ಬೇವಿನ ಹಿಂಡಿ ತರುತ್ತೇನೆ. ಎಡೆ ಹೊಡೆಯುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅಪ್ಪನ ಜೊತೆ ಇನ್ನೊಂದು ಜಗಳ ಬಾಕಿ ಇದೆ.

ಹಸಿರುದಾರಿ_ಧಾರವಾಡ
ಸಗಣಿ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ ಅಕ್ಕಾ. ಆದರೆ ಹೊಲ ನಿಮ್ಮದು. ಎಡೆ ಹೊಡೆಯುವ ಬದಲು ರಜೆಯಲ್ಲಿ ನಾವು ನಾಲ್ಕು ಜನ ಕಳೆ ತೆಗೆಯುವ ಕೈಸಲಕರಣೆ ಕುರ್ಚಿಗೆ ಹಿಡಿದು ಬರುತ್ತೇವೆ.

ಕಣಿಕಿ_ಬಣವಿ
ಕುರ್ಚಿಗೆ ಹಿಡಿದು ಆರು ಎಕರೆ! ಬರುವಾಗ ಬೆನ್ನಿಗೆ ಹಚ್ಚುವ ಎಣ್ಣೆ ತನ್ನಿ.

ಬ್ಯಾಡಗಿ_ಕಡ್ಡಿ
ಸೆಣಬಿನ ಬೀಜ ಮೇ ತಿಂಗಳಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಒಟ್ಟಿಗೆ ತರಿಸೋಣ. ಯಾರಿಗೆ ಎಷ್ಟು ಬೇಕು ಇಲ್ಲೇ ಬರೆಯಿರಿ.

ಎರಿಹೊಲ_ಗದಗ
ನನಗೆ 40 ಕೆಜಿ.

ರಾಣೇಬೆನ್ನೂರ_ಹುಡುಗ
ನನಗೆ 20. ಚಿಗರಿ ತಿಂದರೆ ವಾಪಸ್ ತಗೊಳ್ಳುತ್ತೀರಾ?

ಕಣಿಕಿ_ಬಣವಿ
ನನಗೂ 20 ಬರೆದುಕೊಳ್ಳಿ. ಒಂದು ಎಕರೆ ನೋಡುತ್ತೇನೆ. ಎತ್ತು ಹೂಡಿಯೇ ಬಿತ್ತುವುದು, ತಕರಾರು ಇಲ್ಲ ಅಲ್ವಾ?

ಎರಿಹೊಲ_ಗದಗ
ಇದೆ ಅಣ್ಣಾ. ಆದರೂ ಬೀಜ ತಗೊಳ್ಳಿ.